ಆಯಿ ಕೂಡುವ ಸೀಟಿನಿಂದ ಶುರು: ನಮ್ಮ ಇಕೋಗೆ ಮಾಡಿಸಿದ್ದು, ಬ್ಯಾಡ ಅಂದದ್ದು

ಮಾರುತಿ ಇಕೋದ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಮುಂದೆ ಕೂತವರ ತೊಡೆ ಕಾಯುವುದು, ಪಕ್ಕದವರ ಜೊತೆ ದನಿ ಏರಿಸಿ ಮಾತಾಡಬೇಕಾಗುವುದು, ಬೇಸಿಗೆಯಲ್ಲಿ ಏಸಿ ಏದುಸಿರು ಬಿಡುವುದು, ಇವೆಲ್ಲ ದೂರುಗಳ ಬೇರು ಅಲ್ಲೇ ಇದೆ. ಪುಟ್ಟ ಗಾಡಿಯೊಳಗೆ ಅಷ್ಟು ಜಾಗ ಸಿಗುವುದೂ ಅದೇ ಕಾರಣಕ್ಕೆ. ಎಂಜಿನ್ನಿಗೆಂದು ಮುಂದೆ ಉದ್ದ ಮೂತಿ ಇಲ್ಲವಾದ್ದರಿಂದ 3.7 ಮೀಟರಿಗೂ ಕಡಿಮೆ ಉದ್ದದ ಗಾಡಿಯಲ್ಲಿ ಐದು ಜನ ಕೂತ ಮೇಲೂ ಹಿಂದೆ ಒಂದು ಸಂಸಾರದ ಸಾಮಾನು ಹಿಡಿಯುತ್ತದೆ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಲು ಆಗುವವರು ಮಾತ್ರ ಇದನ್ನು ಕೊಳ್ಳಬೇಕು.

ನಾವಿರುವುದು ಹುಬ್ಬಳ್ಳಿಯ ನವನಗರದಲ್ಲಿ. ಮನೆಯಲ್ಲಿ ಐದು ಜನ: ನಾನು, ಹೆಂಡತಿ, ಮಗಳು, ಅವ್ವ, ಮತ್ತು ಅಪ್ಪನ ತಾಯಿ, ಅಂದರೆ ನಮ್ಮ ಆಯಿ. ಆಯಿಗೆ ಮೊಣಕಾಲು ನೋವು. ಸಣ್ಣ ಕಾರಿನಲ್ಲಿ ತಗ್ಗಿ ಕೂಡುವುದು, ಎದ್ದು ಹೊರಗೆ ಬರುವುದು ಎರಡೂ ಅವಳಿಗೆ ಶಿಕ್ಷೆ. ಬಾಗಿಲು ಸರಿಸಿದರೆ ಕುರ್ಚಿಯ ಮೇಲೆ ಕೂತಂತೆ ನೆಟ್ಟಗೆ ಕೂಡಬಹುದಾದ, ನಮ್ಮ ಜೇಬಿಗೆ ಎಟುಕುವ ಗಾಡಿ ಇಕೋ ಒಂದೇ ಎನ್ನಿಸಿತು. ಸೆಕೆಂಡ್ ಹ್ಯಾಂಡ್‌ನಲ್ಲಿ 2015ರ ಮಾಡಲ್ ತಗೊಂಡೆ: ಐದು ಸೀಟು, ಏಸಿ, 1196 ಸಿಸಿ ಪೆಟ್ರೋಲ್ ಎಂಜಿನ್. ಆಗಿನ ಏಳು ಸೀಟಿನ ಇಕೋದಲ್ಲಿ ಏಸಿ ಬರುತ್ತಿರಲಿಲ್ಲ. ಗದಗದ ಕಡೆ ಏಪ್ರಿಲ್ ತಿಂಗಳಲ್ಲಿ ಒಮ್ಮೆ ಹೋಗಿ ಬಂದವರಿಗೆ ಏಸಿ ಬೇಕೋ ಇನ್ನೆರಡು ಸೀಟು ಬೇಕೋ ಎಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮೂರಲ್ಲಿ ಇಕೋ ಅಂದರೆ ಒಂದೋ ಶಾಲೆ ಮಕ್ಕಳ ಗಾಡಿ, ಇಲ್ಲ ದುರ್ಗದಬೈಲಿಗೆ ಮಾಲು ಹೊರುವ ಗಾಡಿ. ಅದಕ್ಕೂ ಮೊದಲು ಆ ಜಾಗದಲ್ಲಿ ಓಮ್ನಿ ಇತ್ತು. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು 2019ರವರೆಗೆ ಬದುಕಿದ ಗಾಡಿ ಅದು. ನಡುವೆ 2001ರಲ್ಲಿ ವರ್ಸಾ ಬಂತು, ಹಿಂದಿನವರಿಗೂ ಬೇರೆ ಏಸಿ ಬ್ಲೋವರ್ ಇಟ್ಟುಕೊಂಡು. ಬೆಲೆ ಹೆಚ್ಚಾಗಿ ಜನ ಅದನ್ನು ಕೊಳ್ಳಲಿಲ್ಲ. ಅದೇ ಬಾಡಿಯ ಒಳಗಿದ್ದ ಸುಖವನ್ನೆಲ್ಲ ಕಿತ್ತು 2010ರಲ್ಲಿ ಇಕೋ ಎಂದು ಮಾರಿದರು, ಭರ್ಜರಿ ಓಡಿತು. ಕಿತ್ತುಹಾಕಿದ್ದರಲ್ಲಿ ಸ್ವಲ್ಪವನ್ನಾದರೂ ವಾಪಸ್ ತರುವುದೇ ನನ್ನ ಕೆಲಸವಾಯಿತು.

ಗಾಡಿ ಬಂದ ವಾರದಲ್ಲೇ ಗೋಕುಲ ರೋಡಿನ ಮಿಸ್ತ್ರಿ ಪಟ್ಟಿ ಒಪ್ಪಿಸಿದ. "ಅಣ್ಣಾರ, ಅಲಾಯ್ ವೀಲ್ ಹಾಕಸ್ರಿ, ಅಗಲ ಟಾಯರ್ ಹಾಕಸ್ರಿ, ಮುಂದ ಒಂದು ಗಾರ್ಡ್ ಕುಂದರ್ಸೂಣು. ಗಾಡಿ ಹೆಂಗ್ ಕಾಣ್ತದ ನೋಡ್ರಿ ಆಮ್ಯಾಲ." ಗಾಡಿ ಹೊರಗಿನಿಂದ ಹೆಂಗ ಕಾಣ್ತದ ಅನ್ನೋದು ಒಳಗೆ ಕೂತವರಿಗೆ ಗೊತ್ತಾಗುವುದಿಲ್ಲ. ನಾನು ಮಾಡಿದ್ದು ಬೇರೆ. ಮಗಳ ಕೈಗೆ ಸ್ಟಿಯರಿಂಗ್ ಕೊಡುವಂತಿಲ್ಲ, ಹೆಂಡತಿಗೆ ಲೈಸೆನ್ಸ್ ಇದೆ. ಅವಳಿಗೆ ಓಡಿಸಲು ಕೊಟ್ಟು ನಾನು ಆಯಿ ಕೂಡುವ ಜಾಗದಲ್ಲಿ, ಎಡಬದಿಯ ಬಾಗಿಲ ಪಕ್ಕ, ಮಧ್ಯಾಹ್ನದ ಬಿಸಿಲಿನಲ್ಲಿ ಕಲಘಟಗಿವರೆಗೆ ಕೂತು ಬಂದೆ. ಏನೇನು ಮಾಡಿಸಬೇಕು ಎನ್ನುವುದು ಆ ಸೀಟಿನಲ್ಲೇ ತಿಳಿಯಿತು. ಟಾಪು ಕಾದು ತಲೆಗೆ ಹೊಡೆಯುತ್ತದೆ, ಮುಂದಿನ ಏಸಿ ಗಾಳಿ ಹಿಂದಕ್ಕೆ ಬರುವಷ್ಟರಲ್ಲಿ ಸತ್ತಿರುತ್ತದೆ, ಹತ್ತುವಾಗ ಇಳಿಯುವಾಗ ಹಿಡಿಯಲು ಏನೂ ಇಲ್ಲ.

ಮೊದಲು ಬಿಸಿಯ ವಿಚಾರ. ಎಲ್ಲರೂ ಬಿಸಿ, ಸದ್ದು ತಡೆಯುವ ಶೀಟು ಅಂಟಿಸಲು ಓಡುತ್ತಾರೆ. ಅದಕ್ಕೂ ಮುಂಚೆ ಮುಂದಿನ ಸೀಟು ಎತ್ತಿ ಎಂಜಿನ್ ಮುಚ್ಚಳದ ಸುತ್ತ ಇರುವ ರಬ್ಬರ್ ಬೀಡಿಂಗ್ ನೋಡಿ. ಐದಾರು ವರ್ಷಕ್ಕೆ ಅದು ಗಟ್ಟಿಯಾಗಿ, ಚಪ್ಪಟೆಯಾಗಿ, ಮೂಲೆಯಲ್ಲಿ ಹರಿದಿರುತ್ತದೆ. ಬಿಸಿಗಾಳಿ, ಸದ್ದು, ಎಣ್ಣೆ ವಾಸನೆ ಮೂರೂ ನುಗ್ಗುವುದು ಆ ಸಂದಿಯಲ್ಲೇ. ಒಂದು ಕಾಗದದ ಚೂರು ಇಟ್ಟು ಮುಚ್ಚಳ ಮುಚ್ಚಿ ಎಳೆದು ನೋಡಿದೆ. ಎಲ್ಲಿ ಸಲೀಸಾಗಿ ಬಂತೋ ಅಲ್ಲಿ ಬೀಡಿಂಗ್ ಸತ್ತಿದೆ ಎಂದರ್ಥ. ಹೊಸ ಬೀಡಿಂಗಿಗೆ ಖರ್ಚಾದದ್ದು ಕೆಲವೇ ನೂರು ರೂಪಾಯಿ. ಆಮೇಲೆ ಮಾಡಿಸಿದ ಸಾವಿರಾರು ರೂಪಾಯಿ ಕೆಲಸಗಳಲ್ಲಿ ಯಾವುದೂ ಹಾಕಿದ ದುಡ್ಡಿಗೆ ಇಷ್ಟು ಫಲ ಕೊಟ್ಟಿಲ್ಲ.

ಶೀಟುಗಳಲ್ಲಿ ಎರಡು ಬಗೆ, ಎರಡಕ್ಕೂ ಕೆಲಸ ಬೇರೆ. ಭಾರದ ಬ್ಯುಟೈಲ್ ರಬ್ಬರ್ ಶೀಟು ಗಾಡಿಯ ಪತ್ರಾ, ಅಂದರೆ ತಗಡು, ನಡುಗುವುದನ್ನು ತಡೆಯುತ್ತದೆ. ಬಿಸಿ ತಡೆಯುವುದು ಅದರ ಮೇಲೆ ಬರುವ ಫೋಮು. ಬ್ಯುಟೈಲನ್ನು ಪತ್ರಾದ ಇಂಚಿಂಚಿಗೂ ಮೆತ್ತಬೇಕಿಲ್ಲ. ಬೆರಳಿನಿಂದ ಬಡಿದಾಗ ಡಬ್ಬಿಯಂತೆ ಸದ್ದು ಮಾಡುವ ನಡುಭಾಗಕ್ಕೆ ಹಾಕಿದರೆ ಸಾಕು. ಎಲ್ಲ ಸೇರಿ ಇಪ್ಪತ್ತೈದು ಕೆಜಿ ಮೀರಬಾರದು ಎಂದು ಮೊದಲೇ ಹೇಳಿಟ್ಟಿದ್ದೆ. ಅಗ್ಗಕ್ಕೆ ಸಿಗುತ್ತದೆಂದು ಡಾಂಬರು ಶೀಟನ್ನು ಟಾಪಿಗೆ ಅಂಟಿಸಬೇಡಿ. ಬೇಸಿಗೆಯಲ್ಲಿ ನಿಂತ ಗಾಡಿಯ ಟಾಪು ಕೈ ಇಡಲಾಗದಷ್ಟು ಕಾಯುತ್ತದೆ, ಶೀಟು ಮೆತ್ತಗಾಗಿ ಜೋತುಬೀಳುತ್ತದೆ, ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ. ನೆಲಕ್ಕಾದರೆ ನಡೆಯುತ್ತದೆ.

ಫೋಮು ನೀರು ಹೀರದ, ಕ್ಲೋಸ್ಡ್ ಸೆಲ್ ಬಗೆಯದೇ ಇರಲಿ ಎಂದು ಹಟ ಹಿಡಿದೆ. ಕಾರಣ ಬರೀ ಮಳೆಯಲ್ಲ. ಹೆಂಡತಿಯ ತವರು ರಾಣೆಬೆನ್ನೂರು. ವರ್ಷದ ಖಾರಪುಡಿಗೆ ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ಬರುವುದು ನಮ್ಮ ಗಾಡಿಯಲ್ಲೇ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೆಣಸಿನಕಾಯಿ ಅದು, ಖಾರಕ್ಕಿಂತ ಬಣ್ಣಕ್ಕೆ ಹೆಸರುವಾಸಿ ಅಂತಾರೆ. ಮುಚ್ಚಿದ ಗಾಡಿಯಲ್ಲಿ ಏಸಿ ಹಾಕಿಕೊಂಡು ಅದರ ಚೀಲದ ಜೊತೆ ಶಿಗ್ಗಾಂವಿವರೆಗೆ ಬಂದು ನೋಡಿ, ಬಣ್ಣ ಯಾರ ನೆನಪಿಗೂ ಬರುವುದಿಲ್ಲ. ಸೀಟಿನೊಳಗಿರುವಂಥ ತೆರೆದ ಸ್ಪಂಜನ್ನು ನೆಲಕ್ಕೆ ಹಾಸಿದರೆ ಆ ಘಾಟು ಮುಂದಿನ ಮಳೆಗಾಲದವರೆಗೂ ಅದರಲ್ಲೇ ಕೂತಿರುತ್ತದೆ.

ಎಂಜಿನ್ ಮುಚ್ಚಳದ ಒಳಮೈಗೆ ಮಾತ್ರ ಈ ಫೋಮು ಬೇಡವೇ ಬೇಡ. ಅಲ್ಲಿಗೆ ಬೆಂಕಿ ಹತ್ತದ, ಮೇಲೆ ಅಲ್ಯೂಮಿನಿಯಂ ಹಾಳೆ ಇರುವ ಗ್ಲಾಸ್ ಫೈಬರ್ ಮ್ಯಾಟ್ ಬೇರೆಯೇ ಇದೆ. ಅದನ್ನೂ ಬರೀ ಅಂಟಿನ ಮೇಲೆ ಬಿಡದೆ ಕ್ಲಿಪ್ ಹಾಕಿಸಿದೆ. ಅಂಟು ಬಿಟ್ಟು ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಏನಾದೀತು ಎಂದು ಯೋಚಿಸಿದರೆ ಸಾಕು.

ಹಿಂದಿನವರ ಗಾಳಿಗೆ ಮಿಸ್ತ್ರಿ ಕೊಟ್ಟ ಉಪಾಯ, ಗುಜರಿಯಲ್ಲಿ ವರ್ಸಾದ ಬ್ಲೋವರ್ ಸಿಕ್ಕರೆ ಟಾಪಿಗೆ ಕೂಡಿಸುವುದು. ಕೇಳಲು ಚಂದ. ಆದರೆ ಏಸಿಯ ಗ್ಯಾಸ್ ಪೈಪನ್ನು ಹಿಂದಿನವರೆಗೆ ಎಳೆದರೆ ಹೊಸ ಜೋಡಣೆಗಳು, ಪ್ರತಿ ಜೋಡಣೆಯೂ ಮುಂದೊಂದು ದಿನ ಸೋರುವ ಜಾಗ. ಎರಡು 12 ವೋಲ್ಟ್ ಫ್ಯಾನ್ ಮುಂದಿನ ಸೀಟುಗಳ ಹಿಂಬದಿಗೆ ಹಾಕಿಸಿದೆ, ಏಸಿ ಗಾಳಿಯನ್ನು ಹಿಂದಕ್ಕೆ ತಳ್ಳಲು. ಎರಡೂ ಸೇರಿ ಎರಡು ಆಂಪಿಯರ್ ದಾಟುವುದಿಲ್ಲ. ವೈರಿಗೆ 5 ಆಂಪಿಯರ್ ಫ್ಯೂಸ್ ಇದೆ, ಅದೂ ಬ್ಯಾಟರಿಯ ಹತ್ತಿರವೇ. ಫ್ಯೂಸನ್ನು ಫ್ಯಾನಿನ ಪಕ್ಕ ಹಾಕಿದರೆ ನಡುವಿನ ವೈರ್ ಬಾಡಿಗೆ ತಾಗಿ ಶಾರ್ಟ್ ಆದಾಗ ಅದು ಏನೂ ಮಾಡಲಾರದು.

ಕಿಟಕಿಗೆ ಕಪ್ಪು ಫಿಲ್ಮ್ ಹಾಕಿಸಲಿಲ್ಲ. 2012ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿದೆ. ಮುಂದಿನ, ಹಿಂದಿನ ಗಾಜಿನಲ್ಲಿ ಶೇಕಡಾ 70, ಪಕ್ಕದ ಗಾಜಿನಲ್ಲಿ ಶೇಕಡಾ 50ರಷ್ಟು ಬೆಳಕು ಹಾಯಲೇಬೇಕು ಎಂಬ ನಿಯಮವೂ ಇದೆ. ನಿಲ್ಲಿಸಿದಾಗ ಹಳೇ ಟವೆಲ್ ಸಾಕು.

ಇನ್ನು ಮೆಟ್ಟಿಲು. ಇದಕ್ಕೇ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು. ಬಾಗಿಲ ಕೆಳಗೆ ಒಂದು ಮಡಚುವ ಮೆಟ್ಟಿಲು ಬೇಕಿತ್ತು. ಆಯಿಯ ಕಾಲು ಎಷ್ಟು ಎತ್ತರಕ್ಕೆ ಸಲೀಸಾಗಿ ಏಳುತ್ತದೆ ಎಂದು ಮನೆಯ ಪಾವಟಿಗೆಯ ಹತ್ತಿರ ಟೇಪು ಹಿಡಿದು ಅಳೆದೆ. ಎಂಟು ಇಂಚು. ತಾರಿಹಾಳದ ವೆಲ್ಡರ್ ಒಂದಿಂಚಿನ ಚೌಕ ಪೈಪಿನ ಮೇಲೆ ಚೆಕರ್ಡ್ ಪ್ಲೇಟ್ ಕೂಡಿಸಿ ಮಾಡಿಕೊಟ್ಟ. ಅವನು ಗಾಡಿಯ ತಳಕ್ಕೇ ವೆಲ್ಡ್ ಮಾಡಲು ಹೊರಟಿದ್ದ, ಬೇಡವೆಂದೆ. ಬಿಸಿ ತಿಂದ ಲೋಹ ಸೊರಗುತ್ತದೆ, ಬಣ್ಣ ಸುಟ್ಟಲ್ಲಿ ತುಕ್ಕು ಹಿಡಿಯುತ್ತದೆ, ಪೆಟ್ರೋಲ್ ಪೈಪ್ ಬೇರೆ ಆಸುಪಾಸಿನಲ್ಲೇ ಹಾದಿರುತ್ತದೆ. ತಳದ ಗಟ್ಟಿ ಪಟ್ಟಿಗೆ ಕ್ಲ್ಯಾಂಪ್ ಹಾಕಿ ನಟ್ಟು ಬೋಲ್ಟಿನಲ್ಲಿ ಕೂಡಿಸಿದ್ದೇವೆ. ಬಿಚ್ಚಿದರೆ ಗುರುತೂ ಉಳಿಯದು. ಮಡಚಿದಾಗ ಅದು ಬಾಡಿಯ ಅಗಲ ಮೀರಬಾರದು, ತಳಕ್ಕಿಂತ ಕೆಳಗೆ ಜೋತುಬೀಳಲೂ ಬಾರದು. ನಮ್ಮ ಹಂಪುಗಳು ಗೊತ್ತಲ್ಲ, ಇರುವ 160 ಮಿಲಿಮೀಟರ್ ಎತ್ತರದಲ್ಲಿ ಬಿಟ್ಟುಕೊಡಲು ಏನೂ ಇಲ್ಲ.

ಕೈ ಹಿಡಿಯಲು ಬಾಗಿಲ ಪಕ್ಕದ ಕಂಬಕ್ಕೆ ಒಂದು ಹಿಡಿಕೆ ಹಾಕಿಸಿದೆವು. ಸೀಟ್ ಬೆಲ್ಟಿನ ಬೋಲ್ಟ್ ಬಿಚ್ಚಿ ಅದೇ ತೂತಿನಲ್ಲಿ ಹಿಡಿಕೆಯನ್ನೂ ಸೇರಿಸುವ ಚಾಳಿ ಕೆಲವು ಕಡೆ ಇದೆ. ಆ ಬೋಲ್ಟಿಗೆ ಬೇರೆ ಏನನ್ನೂ ಪಾಲು ಕೊಡಬಾರದು.

ಮೆಟ್ಟಿಲು ತಯಾರಾದ ಮೇಲೆ ಆಯಿ ಏರಿ, ಇಳಿದು, ಮತ್ತೊಮ್ಮೆ ಏರಿ ಕೇಳಿದ್ದು ಇಷ್ಟೇ: "ಎಷ್ಟಾತೋ ತಮ್ಮಾ?" ಹಿಡಿಕೆ ಸೇರಿ ಮೂರು ಸಾವಿರದ ಹತ್ತಿರ ಎಂದೆ. "ಮನ್ಯಾಗ ಮಣಿ ಇತ್ತಲ್ಲೋ. ಅದನ್ನ ಇಟ್ಕೊಂಡ ಬಂದಿದ್ರ ಆಗ್ತಿತ್ತು." ಮಣಿ ಅಂದರೆ ಕೂಡುವ ಗಿಡ್ಡ ಮರದ ಪೀಠ. ಆ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಡಿಕ್ಕಿಯಲ್ಲಿ ಮಣಿಯೂ ಇರುತ್ತದೆ.

ರಾತ್ರಿ ಸವದತ್ತಿ ಕಡೆಯಿಂದ ಬರುವಾಗ ಹೆಡ್‌ಲೈಟ್ ಮಂಕು ಎನ್ನಿಸುತ್ತಿತ್ತು. ಅಂಗಡಿಯವರು 100 ವ್ಯಾಟಿನ ಬಲ್ಬ್ ತೋರಿಸಿದರು. ಅದಕ್ಕೆ 8 ಆಂಪಿಯರಿಗೂ ಹೆಚ್ಚು ಬೇಕು, ಕಂಪನಿ ಹಾಕಿದ ವೈರಿಂಗ್ ಇರುವುದು 60/55 ವ್ಯಾಟಿಗೆ, ಎದುರು ಬರುವವನ ಕಣ್ಣೂ ಹೋಗುತ್ತದೆ. ಎಂಜಿನ್ ಚಾಲೂ ಇಟ್ಟು ಮೀಟರ್ ಹಿಡಿದು ನೋಡಿದೆ: ಬ್ಯಾಟರಿಯಲ್ಲಿ 14 ವೋಲ್ಟ್, ಬಲ್ಬಿನ ಹತ್ತಿರ 12.6. ಹ್ಯಾಲೊಜನ್ ಬಲ್ಬಿನಲ್ಲಿ ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಹೆಚ್ಚುಕಡಿಮೆ ಶೇಕಡಾ 30 ಇಳಿಯುತ್ತದೆ. ಅಂದರೆ ತಪ್ಪು ಬಲ್ಬಿನದಲ್ಲ, ದಾರಿಯಲ್ಲೇ ಸೋರಿಹೋಗುತ್ತಿತ್ತು. ಬ್ಯಾಟರಿಯಿಂದ ದಪ್ಪ ವೈರ್ ಎಳೆಸಿ, ನಡುವೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ ಮಾಡುವ ಸ್ವಿಚ್) ಹಾಕಿಸಿದೆ. ಹಳೆಯ ಸ್ವಿಚ್ಚಿಗೆ ಈಗ ರಿಲೇ ಎಬ್ಬಿಸುವ ಕೆಲಸ ಮಾತ್ರ. ಅದೇ 60/55 ಬಲ್ಬ್ ಈಗ ಬೇರೆ ಗಾಡಿಯದರಂತೆ ಉರಿಯುತ್ತದೆ.

ಬ್ಯಾಡ ಅಂದದ್ದರ ಪಟ್ಟಿ ಉದ್ದವಿದೆ. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಗೆ ಅಗಲ ಟಾಯರ್ ಹಾಕಿದರೆ ಜನತಾ ಬಜಾರಿನಲ್ಲಿ ಹಿಂದಕ್ಕೆ ತಿರುಗಿಸುವಾಗ ತೋಳು ಬೀಳುತ್ತವೆ. ಮುಂದಿನ ಗಾರ್ಡ್ ಬೇಡವೆಂದು 2017ರ ಡಿಸೆಂಬರಿನಲ್ಲಿ ಕೇಂದ್ರದ ಸಾರಿಗೆ ಇಲಾಖೆಯೇ ರಾಜ್ಯಗಳಿಗೆ ಬರೆದಿದೆ. ಸಿಎನ್‌ಜಿ ಬಗ್ಗೆ ಮನಸ್ಸು ಓಲಾಡಿತು. ಆದರೆ ಸಿಲಿಂಡರ್ ಕೂಡುವುದು ಡಿಕ್ಕಿಯಲ್ಲಿ, ನಾನು ಈ ಗಾಡಿ ತಗೊಂಡ ಕಾರಣಗಳಲ್ಲಿ ಡಿಕ್ಕಿಯೂ ಒಂದು. ದಿನಾ ಓಡಿಸುವವರಿಗೆ ಅದು ಲಾಭ, ಆರ್‌ಸಿಯಲ್ಲಿ ಬರೆಸಿ, ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಮಾಡಿಸುವುದಾದರೆ. ಅಡುಗೆ ಸಿಲಿಂಡರಿನಿಂದ ಗ್ಯಾಸ್ ತುಂಬಿಸಿಕೊಂಡು ಓಡುತ್ತಿದ್ದ ಓಮ್ನಿಗಳನ್ನು ನೋಡಿದ ತಲೆಮಾರು ನಮ್ಮದು. ಅದರ ಹತ್ತಿರವೂ ಸುಳಿಯಬೇಡಿ.

ಎಲ್ಲಕ್ಕಿಂತ ಕಷ್ಟವಾದದ್ದು ಡಿಕ್ಕಿಯಲ್ಲಿ ಅಡ್ಡ ಬೆಂಚ್ ಹಾಕಿಸುವುದಿಲ್ಲ ಎಂದು ನೆಂಟರಿಗೆ ಹೇಳುವುದು. ಭಾರತ ಹುಣ್ಣಿವೆ ಬಂತೆಂದರೆ ಯಲ್ಲಮ್ಮನ ಗುಡ್ಡಕ್ಕೆ ಹೋಗಲು ಫೋನು ಶುರು. "ಹಿಂದ ಅಷ್ಟ ಜಾಗ ಐತಿ, ಇಬ್ಬರು ಕುಂತ್ರ ಏನಾಕ್ಕೈತೋ?" ಆರ್‌ಸಿಯಲ್ಲಿ ಬರೆದಿರುವುದು ಐದು. ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಮಾಡಿದೆ. ಕಾನೂನು ಕೇಳದವರಿಗೆ ನಾನು ಇನ್ನೊಂದು ಹೇಳುತ್ತೇನೆ. 2016ರಲ್ಲಿ ಗಾಡಿಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಡೆಸಿದ ಕ್ರ್ಯಾಶ್ ಟೆಸ್ಟಿನಲ್ಲಿ ಏರ್‌ಬ್ಯಾಗ್ ಇಲ್ಲದ ಇಕೋಗೆ ಸಿಕ್ಕದ್ದು ಸೊನ್ನೆ ಸ್ಟಾರ್. ನಮ್ಮದೂ ಅಂಥದೇ. ಯಾವ ಮಿಸ್ತ್ರಿಯೂ ಅದನ್ನು ಬದಲಿಸಲಾರ. ಹಿಂದಿನ ಮಾಲೀಕರು ಸೀಟಿನ ಕೆಳಗೆ ತುರುಕಿದ್ದ ಹಿಂಬದಿ ಬೆಲ್ಟುಗಳನ್ನು ಎಳೆದು, ತೊಳೆದು, ಎಲ್ಲರಿಗೂ ಹಾಕಿಸುತ್ತೇನೆ. ಬೈಪಾಸಿನಲ್ಲಿ 80 ದಾಟುವುದಿಲ್ಲ. ಡಿಕ್ಕಿಯ ಸಾಮಾನು ಬ್ರೇಕ್ ಹಾಕಿದಾಗ ಹಾರಿ ಆಯಿಯ ತಲೆಗೆ ಬರದಂತೆ ನಡುವೆ ಹಗ್ಗದ ಬಲೆ ಬಿಗಿಸಿದ್ದೇನೆ.

ಜಾರುವ ಬಾಗಿಲಿಗೆ ಒಂದು ಕಿವಿಮಾತು. ಕೆಳಗಿನ ಹಳಿಗೆ ಗ್ರೀಸ್ ಬಳಿಯಬೇಡಿ. ಗದಗ, ನರಗುಂದದ ಎರೆಮಣ್ಣಿನ ಧೂಳು ಅದರಲ್ಲಿ ಕಲಸಿ ರೋಲರ್ ತಿನ್ನುತ್ತದೆ. ಬ್ರಷ್ಷಿನಿಂದ ಉಜ್ಜಿ, ಒಣ ಸಿಲಿಕಾನ್ ಸ್ಪ್ರೇ ಹೊಡೆದರೆ ಮಗಳೂ ಒಂದೇ ಕೈಯಲ್ಲಿ ಎಳೆಯುತ್ತಾಳೆ.

ಖರ್ಚು ಒಟ್ಟು ಹದಿನೆಂಟು ಸಾವಿರದ ಆಸುಪಾಸು, ಅದರಲ್ಲಿ ಅರ್ಧಕ್ಕೂ ಹೆಚ್ಚು ಶೀಟು ಮತ್ತು ಫೋಮಿಗೆ. ವಿಮೆ ನವೀಕರಿಸುವಾಗ ಫ್ಯಾನು, ಮೆಟ್ಟಿಲು, ರಿಲೇ ಎಲ್ಲದರ ಬಿಲ್ಲು ಕೊಟ್ಟು ಬರೆಸಿದೆ. ಹೊರಗಿನಿಂದ ಹಾಕಿಸಿದ ವಿದ್ಯುತ್ ಸಾಮಾನಿಗೆ ಅದರ ಬೆಲೆಯ ಶೇಕಡಾ 4ರಷ್ಟು ಪ್ರೀಮಿಯಂ ಸೇರುತ್ತದೆ, ಎಲ್ಲ ಸೇರಿ ಮುನ್ನೂರು ರೂಪಾಯಿಯ ಒಳಗೇ ಮುಗಿಯಿತು. ಏಜೆಂಟ ಫೋಟೋ ತೆಗೆಯಲು ಬಂದವನು ಮೆಟ್ಟಿಲನ್ನು ಕಾಲಿನಿಂದ ಒತ್ತಿ ನೋಡಿ, ವೆಲ್ಡರ್‌ನ ನಂಬರ್ ಬರೆದುಕೊಂಡು ಹೋದ. ಅವನ ತಾಯಿಗೂ ಮೊಣಕಾಲು ನೋವಂತೆ.