‘ಮಾತ್ರೆ ಬಂದಿಲ್ಲ’ ಎಂಬ ಮಾತನ್ನು ವಿಧಾನಸಭೆಗೆ ಮುಟ್ಟಿಸುವುದು ಹೇಗೆ?

ಸಿಂಧನೂರಿನಲ್ಲೋ ದೇವದುರ್ಗದಲ್ಲೋ ಸರ್ಕಾರಿ ಆಸ್ಪತ್ರೆಯ ಔಷಧ ಕಿಟಕಿಯಲ್ಲಿ ‘ಮಾತ್ರೆ ಬಂದಿಲ್ಲ, ಹೊರಗ ತಗೊಳ್ರಿ’ ಎಂದರೆ ಮಾನಸಿಕ ಕಾಯಿಲೆ ಇರುವವರ ಮನೆಯವರು ಅಲ್ಲಿಗೇ ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಪ್ರಕಾರ, ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಔಷಧ ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆ ಇರುವವರಿಗೆ ಯಾವಾಗಲೂ ಉಚಿತವಾಗಿ ಸಿಗಬೇಕು. ಸಿಗುತ್ತಿದೆಯೇ ಎಂದು ಸರ್ಕಾರವನ್ನು ಕೇಳುವ ಅಧಿಕಾರ ಶಾಸಕರದು. ಅವರ ಕೈಗೆ ಗಟ್ಟಿ ಪ್ರಶ್ನೆ ಕೊಡುವುದು ನಮ್ಮ ಕೆಲಸ. ಇಲ್ಲಿ ರಾಯಚೂರು ಜಿಲ್ಲೆಯ ಉದಾಹರಣೆ ಇದೆ. ಕೊಪ್ಪಳ, ಬಳ್ಳಾರಿಗೂ ಕ್ರಮ ಇದೇ.

ಮೊದಲು ಲೆಕ್ಕ

ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡಿನ ಪ್ರತಿ ಇಟ್ಟರೆ ಅದೂ ಬೇಡ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಅರ್ಜಿಗಳು ಹೆಚ್ಚಾಗಿ ಬಿದ್ದುಹೋಗುವುದು ಇಲ್ಲೇ. ಔಷಧಕ್ಕೆ ಒಂದು, ಹುದ್ದೆಗಳಿಗೆ ಇನ್ನೊಂದು ಬರೆಯಿರಿ. ಉತ್ತರಕ್ಕೆ 30 ದಿನ ಗಡುವು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಔಷಧದ ಅರ್ಜಿಯಲ್ಲಿ ‘ಔಷಧ ಲಭ್ಯವಿದೆಯೇ’ ಎಂದು ಕೇಳಬೇಡಿ. ‘ಲಭ್ಯವಿದೆ’ ಎಂಬ ಒಂದು ಪದದಲ್ಲಿ ಮುಗಿಸಿಬಿಡುತ್ತಾರೆ. ರಿಸ್ಪೆರಿಡೋನ್, ಫ್ಲೂಆಕ್ಸೆಟಿನ್, ಸೋಡಿಯಂ ವ್ಯಾಲ್‌ಪ್ರೊಯೇಟ್, ಲಿಥಿಯಂ ಹೀಗೆ ಹೆಸರು ಹಿಡಿದು, ಕಳೆದ 12 ತಿಂಗಳಲ್ಲಿ ಪ್ರತಿ ಆಸ್ಪತ್ರೆಯ ದಾಸ್ತಾನು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಸೊನ್ನೆ ಇತ್ತು ಎಂದು ಕೇಳಿ, ದಾಸ್ತಾನು ವಹಿಯ ಪ್ರತಿಯನ್ನೂ ಕೇಳಿ. ಲಿಥಿಯಂ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಅದರ ಪ್ರಮಾಣ ಆಗಾಗ ನೋಡಬೇಕು, ಹೆಚ್ಚಾದರೆ ವಿಷವಾಗುತ್ತದೆ. ಆ ಪರೀಕ್ಷೆ ಜಿಲ್ಲೆಯಲ್ಲಿ ಎಲ್ಲಿ ಆಗುತ್ತದೆ ಎಂಬ ಸಾಲನ್ನೂ ಸೇರಿಸಿ.

ಹುದ್ದೆಗಳ ಅರ್ಜಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬಗ್ಗೆ: ಮನೋವೈದ್ಯ, ಕ್ಲಿನಿಕಲ್ ಸೈಕಾಲಜಿಸ್ಟ್, ಮನೋಸಾಮಾಜಿಕ ಕಾರ್ಯಕರ್ತ, ನರ್ಸ್ ಹುದ್ದೆ ಎಷ್ಟು ಮಂಜೂರು, ಎಷ್ಟು ಭರ್ತಿ, ಖಾಲಿ ಇದ್ದರೆ ಯಾವ ದಿನಾಂಕದಿಂದ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಯೋಜನೆಯಡಿ ಮಂಗಳವಾರ ನಡೆಯಬೇಕಾದ ಕ್ಲಿನಿಕ್ ಎಷ್ಟು ಮಂಗಳವಾರ ನಡೆದಿದೆ ಎಂಬುದನ್ನು ತಜ್ಞರ ಹಾಜರಿ ಸಮೇತ ಕೇಳಿ.

ಸದನಕ್ಕೂ ಮುಂಚೆ ಕೆಡಿಪಿ

ಸರ್ಕಾರಿ ಕೆಲಸಗಳ ಪ್ರಗತಿ ಪರಿಶೀಲಿಸುವ ತಾಲ್ಲೂಕು ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಗೆ ಶಾಸಕರೇ ಅಧ್ಯಕ್ಷರು. ತಾಲ್ಲೂಕು ಆರೋಗ್ಯಾಧಿಕಾರಿ ಅಲ್ಲಿ ಎದ್ದು ನಿಂತು ಲೆಕ್ಕ ಒಪ್ಪಿಸಬೇಕು. ಸಭೆಗೆ ಒಂದು ವಾರ ಮೊದಲು, ಮಾಹಿತಿ ಹಕ್ಕಿನಲ್ಲಿ ಸಿಕ್ಕ ಲೆಕ್ಕದ ಒಂದೇ ಪುಟದ ಪಟ್ಟಿಯನ್ನು ಶಾಸಕರ ಆಪ್ತ ಸಹಾಯಕರಿಗೆ ಕೊಡಿ. ಎಷ್ಟೋ ಸಮಸ್ಯೆ ಇಲ್ಲೇ ಬಗೆಹರಿಯುತ್ತದೆ. ಬಗೆಹರಿಯದಿದ್ದರೆ ನಡಾವಳಿಯ ಪ್ರತಿ ತೆಗೆದಿಡಿ, ಮುಂದೆ ಸಾಕ್ಷಿಯಾಗುತ್ತದೆ.

ಪ್ರಶ್ನೆ ಬರೆಯುವ ಬಗೆ

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ಉತ್ತರಿಸುತ್ತಾರೆ, ಶಾಸಕರು ಉಪಪ್ರಶ್ನೆ ಕೇಳಬಹುದು. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಆಸ್ಪತ್ರೆವಾರು ಪಟ್ಟಿ ಬೇಕಿದ್ದರೆ ಎರಡನೆಯದೇ ವಾಸಿ. ಅಧಿವೇಶನದ ದಿನಾಂಕ ಗೊತ್ತಾದ ಕೂಡಲೇ ಪ್ರಶ್ನೆಯನ್ನು ಶಾಸಕರಿಗೆ ಕೊಡಿ. ಪ್ರಶ್ನೆಯ ಸೂಚನೆ ವಿಧಾನಸಭೆಯ ಸಚಿವಾಲಯಕ್ಕೆ ವಾರಗಳ ಮುಂಚೆ ಮುಟ್ಟಬೇಕು. ಮಾದರಿ ಹೀಗಿರಲಿ:

(ಅ) ರಾಯಚೂರು ಜಿಲ್ಲೆಯ ಯಾವ ಯಾವ ತಾಲ್ಲೂಕು ಆಸ್ಪತ್ರೆ ಹಾಗೂ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಕಳೆದ ಒಂದು ವರ್ಷದಲ್ಲಿ ಮಾನಸಿಕ ಕಾಯಿಲೆಯ ಔಷಧ ದಾಸ್ತಾನು ಇಲ್ಲದ ದಿನಗಳೆಷ್ಟು? (ಆಸ್ಪತ್ರೆವಾರು, ಔಷಧವಾರು ವಿವರ ನೀಡುವುದು)
(ಆ) ಆ ದಿನಗಳಲ್ಲಿ ರೋಗಿಗಳಿಗೆ ಮಾಡಿದ ಬದಲಿ ವ್ಯವಸ್ಥೆ ಏನು?
(ಇ) ಖಾಲಿ ಹುದ್ದೆಗಳನ್ನು ಯಾವ ಕಾಲಮಿತಿಯಲ್ಲಿ ಭರ್ತಿ ಮಾಡಲಾಗುವುದು?

ಆರೋಪ, ಊಹೆ, ನ್ಯಾಯಾಲಯದಲ್ಲಿರುವ ವಿಷಯ, ಒಬ್ಬ ವ್ಯಕ್ತಿಯ ಪ್ರಕರಣ ಬೆರೆತರೆ ಪ್ರಶ್ನೆ ತಿರಸ್ಕೃತವಾಗುತ್ತದೆ. ರೋಗಿಯ ಹೆಸರು, ಊರು, ಚೀಟಿ ಯಾವುದನ್ನೂ ಲಗತ್ತಿಸಬೇಡಿ. ಗೋಪ್ಯತೆ ಅವರ ಹಕ್ಕು, ಕಾಯ್ದೆಯ 23ನೇ ಕಲಂನಲ್ಲೇ ಇದೆ. ಒಬ್ಬರ ದೂರಿಗೆ ಅದೇ ಕಾಯ್ದೆಯಡಿ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿ ಇದೆ, ಅಲ್ಲಿ ಅರ್ಜಿಗೆ ಶುಲ್ಕವಿಲ್ಲ.

ಇನ್ನೊಂದು ಎಡವು: ತಾಲ್ಲೂಕು ಆಸ್ಪತ್ರೆ ಮತ್ತು ಜಿಲ್ಲಾ ಕಾರ್ಯಕ್ರಮ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯದು, ರಿಮ್ಸ್‌ನ (ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆಯ) ಮನೋವೈದ್ಯಕೀಯ ವಿಭಾಗ ವೈದ್ಯಕೀಯ ಶಿಕ್ಷಣ ಇಲಾಖೆಯದು. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ತುರುಕಿದರೆ ‘ಈ ಇಲಾಖೆಗೆ ಸಂಬಂಧಿಸಿರುವುದಿಲ್ಲ’ ಎಂಬ ಉತ್ತರದಲ್ಲಿ ಅರ್ಧ ಕಳೆದುಹೋಗುತ್ತದೆ. ಎರಡು ಪ್ರಶ್ನೆ ಮಾಡಿ.

ಉತ್ತರ ಬಂದ ಮೇಲೆ

ನಿಜವಾದ ಕೆಲಸ ಇಲ್ಲಿಂದ ಶುರು. ಅನುಬಂಧದ ಪಟ್ಟಿಯನ್ನು ನಿಮ್ಮ ಬಳಿಯಿರುವ ದಾಸ್ತಾನು ವಹಿಯ ಜೊತೆ ಸಾಲುಸಾಲಾಗಿ ತಾಳೆ ನೋಡಿ. ವ್ಯತ್ಯಾಸ ಕಂಡರೆ ಎರಡೂ ಪ್ರತಿ ಶಾಸಕರಿಗೆ ಕೊಡಿ. ಸದನಕ್ಕೆ ತಪ್ಪು ಮಾಹಿತಿ ಕೊಡುವುದು ಅಧಿಕಾರಿಗಳಿಗೆ ಸಣ್ಣ ವಿಷಯವಲ್ಲ. ‘ಕ್ರಮ ಕೈಗೊಳ್ಳಲಾಗುವುದು’ ಎಂದು ಸಚಿವರು ಹೇಳಿದ್ದರೆ ಅದು ಭರವಸೆ. ಅದರ ಬೆನ್ನು ಹತ್ತಲು ಸದನದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಪ್ರಶ್ನೆ ಸಂಖ್ಯೆ, ಉತ್ತರದ ದಿನಾಂಕ, ಆ ವಾಕ್ಯ ಇಷ್ಟನ್ನೂ ಬರೆದು ಸಮಿತಿಯ ಅಧ್ಯಕ್ಷರಿಗೆ ಪತ್ರ ಹಾಕಿ. ಊರಿನ ಹಲವರು ಸಹಿ ಮಾಡಿದ ಮನವಿಯಾದರೆ ಶಾಸಕರ ಮೂಲಕ ಅರ್ಜಿಗಳ ಸಮಿತಿಗೆ ಹೋಗಬಹುದು.

ನಮ್ಮ ಭಾಗಕ್ಕೆ ಇನ್ನೊಂದು ಬಾಗಿಲಿದೆ. ಸಂವಿಧಾನದ 371ಜೆ ವಿಧಿಯಂತೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಾರ್ಯವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕು. ಅದರಲ್ಲಿ ಮಾನಸಿಕ ಆರೋಗ್ಯಕ್ಕೆ ಎಷ್ಟು ಖರ್ಚಾಗಿದೆ ಎಂದು ಕೇಳುವ ಹಕ್ಕು ಈ ಜಿಲ್ಲೆಗಳ ಶಾಸಕರಿಗೆ ಎಲ್ಲರಿಗಿಂತ ಹೆಚ್ಚು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ನೆಲದಲ್ಲೇ ಮಾತ್ರೆ ಇಲ್ಲ ಎಂದರೆ ನೋವಾಗುತ್ತದೆ.

ಇದೆಲ್ಲ ಮುಗಿಯಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಮಾತ್ರೆ ನಿಲ್ಲಬಾರದು. ದಾಸ್ತಾನು ಇಲ್ಲವೆಂದರೆ ಚೀಟಿಯ ಮೇಲೆ ಹಾಗೆಂದು ದಿನಾಂಕದೊಂದಿಗೆ ಬರೆಸಿಕೊಂಡು, ಅದೇ ದಿನ ವೈದ್ಯರನ್ನು ಕಂಡು ಬದಲಿ ಔಷಧ ಕೇಳಿ. ವೈದ್ಯರು ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.