ಕುರಿಗೆ ಸಿಗುವ ಸಹಾಯಧನ: ಶಕುನಗಿರಿ ಬುಡದಿಂದ ನನ್ನ ಅನುಭವ

ಕುರಿ ಸಾಕುತ್ತೇನೆ ಅಂದ ಕೂಡಲೇ ಜನ ಕೇಳುವುದು, "ಸಬ್ಸಿಡಿ ಎಷ್ಟು ಬಂತು?" ಅಂತ. ಯಾವಾಗ ಬಂತು, ಅಲ್ಲಿವರೆಗೆ ಯಾರ ದುಡ್ಡಿನಲ್ಲಿ ಮಂದೆ ನಡೆಯಿತು ಅಂತ ಕೇಳಿದವರು ಕಡಿಮೆ. ನಾನು ಕಲಿತದ್ದೆಲ್ಲ ಆ ಎರಡನೇ ಪ್ರಶ್ನೆಯಲ್ಲೇ ಇದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕು, ಸಖರಾಯಪಟ್ಟಣದ ಕಡೆಯ ಹಳ್ಳಿ. ಶಕುನಗಿರಿ ಗುಡ್ಡದ ಸೆರಗಿನ ಖುಷ್ಕಿ ಜಮೀನು. ಮಲೆನಾಡಿನ ಮೂಡಿಗೆರೆಯಲ್ಲಿ ಬೀಳುವ ಮಳೆಯ ಮೂರರಲ್ಲಿ ಒಂದು ಪಾಲೂ ನಮಗೆ ಇಲ್ಲ. ಆದರೂ ಜುಲೈ ಜಿನುಗು ಹಿಡಿದರೆ ಕುರಿಯ ಗೊರಸು ಕೊಳೆಯುತ್ತದೆ, ಮಾರ್ಚ್ ಕಳೆದರೆ ಗುಡ್ಡದಲ್ಲಿ ಕಡ್ಡಿ ಹುಲ್ಲೂ ಸಿಗುವುದಿಲ್ಲ. ಮಳೆಗಾಲಕ್ಕೆ ಒಣಗಿದ ನೆಲ, ಬೇಸಿಗೆಗೆ ಮೇವು, ಈ ಎರಡಕ್ಕೂ ದುಡ್ಡು ಬೇಕು. ಯೋಜನೆಗಳ ಹಿಂದೆ ಬಿದ್ದದ್ದು ಆ ಕಾರಣಕ್ಕೆ.

ಎಲ್ಲರ ಬಾಯಲ್ಲಿರುವುದು ರಾಷ್ಟ್ರೀಯ ಜಾನುವಾರು ಮಿಷನ್, ಎನ್‌ಎಲ್‌ಎಂ. ಕೇಂದ್ರ ಸರ್ಕಾರ ಇದನ್ನು 2021-22ರಲ್ಲಿ ಹೊಸದಾಗಿ ರೂಪಿಸಿದ ಮೇಲೆ ಕುರಿ, ಮೇಕೆ ತಳಿ ಸಂವರ್ಧನಾ ಘಟಕಕ್ಕೆ ಬಂಡವಾಳದ ಅರ್ಧದಷ್ಟು ಸಹಾಯಧನ ಕೊಡುತ್ತಾರೆ. 100 ಹೆಣ್ಣು, 5 ಟಗರಿನ ಘಟಕಕ್ಕೆ ಗರಿಷ್ಠ 10 ಲಕ್ಷ. ಹಾಗೇ ಏರುತ್ತಾ 500 ಹೆಣ್ಣು, 25 ಟಗರಿಗೆ 50 ಲಕ್ಷ. ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಹಾಕಿ ನೋಡಿ: 10 ಲಕ್ಷ ಸಹಾಯಧನ ಬರಬೇಕಾದರೆ ಯೋಜನಾ ವೆಚ್ಚ 20 ಲಕ್ಷ ಇರಬೇಕು. ಅದಕ್ಕೆ ಮೊದಲು ಬ್ಯಾಂಕಿನ ಸಾಲ ಮಂಜೂರಾಗಬೇಕು, ಇಲ್ಲವೇ ಸ್ವಂತ ಬಂಡವಾಳಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಸಹಾಯಧನ ಎರಡು ಕಂತಿನಲ್ಲಿ ಬರುತ್ತದೆ. ಕೆಲಸ ಶುರುವಾಗಿ ಸಾಲದ ದುಡ್ಡು ಬಿಡುಗಡೆಯಾದ ಮೇಲೆ ಒಂದು ಕಂತು, ಘಟಕ ಪೂರ್ತಿ ನಿಂತು ಅಧಿಕಾರಿಗಳು ಬಂದು ನೋಡಿದ ಮೇಲೆ ಇನ್ನೊಂದು. ಜಮೀನು ಕೊಳ್ಳಲು, ಗುತ್ತಿಗೆ ಹಣ ಕಟ್ಟಲು, ಸ್ವಂತ ವಾಹನಕ್ಕೆ, ದಿನನಿತ್ಯದ ಖರ್ಚಿಗೆ ಇದರಲ್ಲಿ ಬಿಡಿಗಾಸೂ ಇಲ್ಲ. ಅಂದರೆ ನೂರು ಕುರಿ ಕೊಟ್ಟಿಗೆಗೆ ಬಂದ ದಿನದಿಂದ ಅವಕ್ಕೆ ತಿನ್ನಿಸುವುದು ನಮ್ಮದೇ ಜೇಬಿನಿಂದ.

ನನಗಿರುವ ಜಮೀನಿನಲ್ಲಿ ರಾಗಿ, ಹುರುಳಿ, ಅವರೆ ಬಿಟ್ಟರೆ ನೂರು ಕುರಿಗೆ ಬೇಸಿಗೆ ಮೇವು ಬೆಳೆಯುವಷ್ಟು ನೀರಿಲ್ಲ. ಹಾಗಾಗಿ ಎನ್‌ಎಲ್‌ಎಂ ಕೈಬಿಟ್ಟೆ. ನಮ್ಮ ಪಕ್ಕದ ಊರಿನವರೊಬ್ಬರು ಅದನ್ನೇ ತೆಗೆದುಕೊಂಡು ಚೆನ್ನಾಗಿ ನಡೆಸುತ್ತಿದ್ದಾರೆ. ಅವರಿಗೆ ಕೊಳವೆಬಾವಿ ಇದೆ, ಕುರಿ ತರುವ ಮೊದಲೇ ಹುಲ್ಲಿನ ಬೆಳೆ, ಮರಮೇವು ಎರಡನ್ನೂ ನಾಟಿ ಮಾಡಿದ್ದರು. ಮೇವು ಮೊದಲು, ಕೊಟ್ಟಿಗೆ ಆಮೇಲೆ, ಕುರಿ ಕೊನೆಗೆ ಅನ್ನುವ ಅವರ ಕ್ರಮವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಪ್ರಾಜೆಕ್ಟ್ ರಿಪೋರ್ಟ್ ಮಾಡಿಸಿ ಸಬ್ಸಿಡಿ ಕೊಡಿಸುತ್ತೇನೆ ಅಂತ ಮುಂಗಡ ಕೇಳುವ ಮಧ್ಯವರ್ತಿಗಳು ನಮ್ಮ ಮನೆಗೂ ಬಂದಿದ್ದರು. ಅರ್ಜಿ ಹಾಕುವುದು ಉದ್ಯಮಿಮಿತ್ರ ಪೋರ್ಟಲ್‌ನಲ್ಲಿ. ಸಾಲ ಕೊಡುವ ಬ್ಯಾಂಕಿನವರ ಹತ್ತಿರ, ಪಶು ಆಸ್ಪತ್ರೆಯ ವೈದ್ಯರ ಹತ್ತಿರ ಕೂತು ಮಾತಾಡಿದರೆ ಸಾಕು, ನಡುವೆ ಯಾರೂ ಬೇಕಿಲ್ಲ.

ನನಗೆ ಹೊಂದಿದ್ದು ರಾಜ್ಯದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆ. 2022-23ರಲ್ಲಿ ಬಂದದ್ದು. 20 ಕುರಿ, 1 ಟಗರು, ಘಟಕ ವೆಚ್ಚ 1.75 ಲಕ್ಷ. ಅರ್ಧ ಹಣ, ಅಂದರೆ 87,500 ರೂಪಾಯಿ, ಎನ್‌ಸಿಡಿಸಿ (ರಾಷ್ಟ್ರೀಯ ಸಹಕಾರ ಅಭಿವೃದ್ಧಿ ನಿಗಮ) ಸಾಲ. ಕಾಲು ಭಾಗ 43,750 ಸರ್ಕಾರದ ಸಹಾಯಧನ, ಉಳಿದ ಕಾಲು ಭಾಗ ನಮ್ಮದು. ಇದಕ್ಕೆ ಕುರಿ ಮತ್ತು ಉಣ್ಣೆ ಉತ್ಪಾದಕರ ಸಹಕಾರ ಸಂಘದ ಸದಸ್ಯತ್ವ ಬೇಕಿತ್ತು. ಯೋಜನೆ ಬಂತು ಅಂತ ಪೇಪರಿನಲ್ಲಿ ಓದಿ ಸಂಘಕ್ಕೆ ಓಡಿದವರಿಗೆ ಕಷ್ಟವಾಯಿತು. ಮೊದಲೇ ಷೇರು ಕಟ್ಟಿ ಸದಸ್ಯರಾಗಿದ್ದವರಿಗೆ ಹಾದಿ ಸುಗಮ. ಕಾಗದಪತ್ರದ ಮಾತೂ ಅಷ್ಟೇ. ಪಹಣಿ, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಮೂರರಲ್ಲೂ ಹೆಸರು ಒಂದೇ ರೀತಿ ಇರಬೇಕು. ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇದ್ದರೆ ಯೋಜನೆ ಬರುವವರೆಗೆ ಕಾಯದೆ ಈಗಲೇ ಪೌತಿ ಖಾತೆ ಮಾಡಿಸಿಕೊಳ್ಳಿ.

ಕುರಿ ಕೊಳ್ಳುವಾಗ ಸಹಾಯಧನದ ಹುರುಪಿನಲ್ಲಿ ದೂರದ ತಳಿ ತರುವ ಆಸೆ ಹುಟ್ಟುತ್ತದೆ. ನಾರಿ ಸುವರ್ಣದ ಹೆಸರು ಎಲ್ಲರೂ ಹೇಳುತ್ತಾರೆ, ಅವಳಿ ಮರಿ ಹಾಕುವುದೂ ನಿಜ. ಆದರೆ ಎರಡು ಮರಿಗೆ ಹಾಲು ಬರಬೇಕಾದರೆ ತಾಯಿಗೆ ಒಳ್ಳೆಯ ಮೇವು ಬೇಕು, ಗುಡ್ಡ ಮೇಯಿಸಿ ಅದು ಆಗದು. ನಾನು ನಮ್ಮ ಸುತ್ತಿನ ಹಾಸನ ತಳಿಯ ಕುರಿಗಳನ್ನೇ ತಂದೆ. ಬಿಳಿ ಮೈ, ಅಲ್ಲಲ್ಲಿ ಕಂದು ಮಚ್ಚೆ, ಗಾತ್ರ ಚಿಕ್ಕದು. ತೂಕ ಕಡಿಮೆ ಅನ್ನುತ್ತಾರೆ, ಇರಲಿ. ನಮ್ಮ ಕಲ್ಲುಗುಡ್ಡ, ನಮ್ಮ ಹುಲ್ಲು ಅವಕ್ಕೆ ಒಗ್ಗಿದೆ. ಬಾಯಿ ತೆರೆಸಿ ಎರಡು ಹಲ್ಲು, ನಾಲ್ಕು ಹಲ್ಲಿನ ಎಳೆ ಪ್ರಾಯದವನ್ನು ಆರಿಸಿ, ಕೆಚ್ಚಲು ಮುಟ್ಟಿ ನೋಡಿ ಗಂಟಿಲ್ಲದವನ್ನು ತಂದೆ.

ಕೊಟ್ಟಿಗೆಗೆ ಗ್ರಾಮ ಪಂಚಾಯಿತಿಯಲ್ಲಿ ನರೇಗಾ ಕ್ರಿಯಾಯೋಜನೆಗೆ ಹೆಸರು ಸೇರಿಸಿದ್ದೆ. ಇದೂ ನಾವು ಖರ್ಚು ಮಾಡಿದ ಮೇಲೆ ಬರುವ ದುಡ್ಡೇ ಆಗಿತ್ತು. ಪಾಯಕ್ಕೆ ಮುಂಚೆ, ಗೋಡೆ ಏಳುವಾಗ, ಮುಗಿದಾಗ ಫೋಟೊ ಆಯಿತು. ಕೂಲಿ ಬೇಗ ಖಾತೆಗೆ ಬಂತು, ಸಾಮಗ್ರಿ ಹಣ ತಡವಾಯಿತು. ಅಲ್ಲಿವರೆಗೆ ಶೀಟು, ಸಿಮೆಂಟು ಅಂಗಡಿ ಸಾಲದಲ್ಲೇ. ಆ ಶೆಡ್ಡಿನ ನೆಲ ತಗ್ಗಿನದು. ಆಮೇಲೆ ಅಡಿಕೆ ದಬ್ಬೆ ಹೊಡೆದು ಒಂದು ಭಾಗಕ್ಕೆ ಅಟ್ಟಣಿಗೆ ಹಾಕಿಸಿದ್ದು ನನ್ನದೇ ಖರ್ಚು. ಹಿಕ್ಕೆ, ಗಂಜಲ ಸಂದಿಯಿಂದ ಕೆಳಗೆ ಬೀಳುತ್ತದೆ, ಜಿನುಗಿನಲ್ಲೂ ಕುರಿ ಒಣಗಿದ ಜಾಗದಲ್ಲಿ ಮಲಗುತ್ತದೆ. ಗೊರಸಿನ ಕಾಟ ಅಂದಿನಿಂದ ಬಹಳ ಕಡಿಮೆ. ಕೆಳಗೆ ಕೂಡಿದ ಗೊಬ್ಬರವನ್ನು ಕಾಫಿ ತೋಟದವರು ಬಂದು ಒಯ್ಯುತ್ತಾರೆ.

ಇನ್ನು ಅನುಗ್ರಹ ಯೋಜನೆ. ಕುರಿ ಆಕಸ್ಮಿಕವಾಗಿ ಸತ್ತರೆ ಪರಿಹಾರ ಕೊಡುವ ಯೋಜನೆ ಇದು. ದೊಡ್ಡ ಕುರಿಗೆ 5,000 ರೂಪಾಯಿ ಇದ್ದದ್ದನ್ನು 2025-26ರ ರಾಜ್ಯ ಬಜೆಟ್‌ನಲ್ಲಿ 7,500ಕ್ಕೆ ಏರಿಸಿದರು. ನನ್ನ ಲೆಕ್ಕದಲ್ಲಿ ಸಣ್ಣ ಕುರಿಗಾರರಿಗೆ ಎಲ್ಲಕ್ಕಿಂತ ಹೆಚ್ಚು ಆಸರೆಯಾಗುವುದು ಇದೇ.

ಒಂದು ವರ್ಷ ಮುಂಗಾರಿನ ಮೊದಲ ಹಸಿರು ಚಿಗುರಿದ ವಾರ. ಸಂಜೆ ಗುಡ್ಡದಿಂದ ಇಳಿದಾಗ ಕುಣಿಯುತ್ತಿದ್ದ ಮರಿ ಬೆಳಿಗ್ಗೆ ಕಾಲು ಚಾಚಿ ಬಿದ್ದಿತ್ತು, ಮಂದೆಯಲ್ಲೇ ದಷ್ಟಪುಷ್ಟವಾದದ್ದು. ಪಕ್ಕದಲ್ಲಿ ಹಿಂಡಿನ ಹಿರಿಯ ಕುರಿಯೊಂದು ಹಲ್ಲು ಕಡಿಯುತ್ತಾ ತಲೆ ಹಿಂದಕ್ಕೆ ಸೆಳೆದುಕೊಂಡಿತ್ತು, ಮಧ್ಯಾಹ್ನಕ್ಕೆ ಅದೂ ಹೋಯಿತು. ಮನೆಯವರು ಹೂಳೋಣ ಅಂದರು, ನಾನು ಬಿಡಲಿಲ್ಲ. ವೈದ್ಯರು ಬಂದು ಬೇಲಿಯ ಆಚೆ, ಗೋಣಿತಾಟಿನ ಮೇಲೆ ಹೊಟ್ಟೆ ಸೀಳಿದರು. ನಾನು ಕೊಡೆ ಹಿಡಿದಿದ್ದೆ. ಸಣ್ಣಕರುಳು ರಕ್ತಗೆಂಪು. ಹೃದಯದ ಸುತ್ತಿನ ಚೀಲದಲ್ಲಿ ಹಳದಿ ನೀರು. ಮೂತ್ರಪಿಂಡವನ್ನು ಅವರು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು, ಕೊಳೆತ ಹಣ್ಣಿನ ಹಾಗೆ ಒಳಗೆ ಹೋಯಿತು. "ಕರುಳುಬೇನೆ. ಲಸಿಕೆ ಮಳೆಗೆ ಮುಂಚೆ ಬೀಳಬೇಕು," ಅಂದರು. ಹೊಸ ಹುಲ್ಲು ಹೊಟ್ಟೆ ತುಂಬ ತಿಂದಾಗ ಕರುಳಿನಲ್ಲಿರುವ ರೋಗಾಣು ಒಮ್ಮೆಲೇ ಹೆಚ್ಚಿ ವಿಷ ಬಿಡುತ್ತದೆ, ಅದಕ್ಕೇ ಚೆನ್ನಾಗಿ ಮೇಯುವ ಮರಿಯೇ ಮೊದಲು ಬೀಳುವುದು.

ಆ ಶವಪರೀಕ್ಷೆ ವರದಿ, ಕಿವಿಯೋಲೆ (ಕುರಿಯ ಕಿವಿಗೆ ಹಾಕುವ ಗುರುತಿನ ಬಿಲ್ಲೆ) ಕಾಣುವ ಹಾಗೆ ತೆಗೆದ ಫೋಟೊ, ಅರ್ಜಿ, ಬ್ಯಾಂಕ್ ಪಾಸ್‌ಬುಕ್, ಪರಿಹಾರ ಬಂದದ್ದು ಇವುಗಳಿಂದ. ಹೂತ ಮೇಲೆ ವೈದ್ಯರು ಏನು ಬರೆದುಕೊಡಲು ಸಾಧ್ಯ? ಆದ್ದರಿಂದ ಕುರಿ ಸತ್ತರೆ ಮೊದಲ ಫೋನು ಪಶು ಆಸ್ಪತ್ರೆಗೆ ಹೋಗಲಿ. ಕಿವಿಯೋಲೆ ಹಾಕಿಸಲು ಬೇಸರಪಡಬೇಡಿ. ಲಸಿಕೆಯ ವಿಷಯವನ್ನಂತೂ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ: ಮೇ ತಿಂಗಳಲ್ಲಿ ಆಸ್ಪತ್ರೆಯವರ ಹಿಂದೆ ಬಿದ್ದು ಇಡೀ ಬೀದಿಯ ಮಂದೆಗಳಿಗೆ ಒಟ್ಟಿಗೆ ಹಾಕಿಸಿ. ಪರಿಹಾರ ಎಷ್ಟೇ ಬಂದರೂ ಬದುಕಿ ಉಳಿದ ಕುರಿಗೆ ಸಮವಲ್ಲ.

ವಿಮೆಯೂ ಈಗ ಅಗ್ಗವಾಗಿದೆ. 2024ರ ತಿದ್ದುಪಡಿಯಿಂದ ಎನ್‌ಎಲ್‌ಎಂ ಅಡಿಯ ಜಾನುವಾರು ವಿಮೆಗೆ ಸಾಕುವವರು ಕಟ್ಟಬೇಕಾದದ್ದು ಪ್ರೀಮಿಯಂನ ಶೇ. 15 ಮಾತ್ರ, ಉಳಿದದ್ದು ಕೇಂದ್ರ, ರಾಜ್ಯ ಸರ್ಕಾರಗಳದ್ದು.

ದಿನದ ಖರ್ಚಿಗೆ ನಾನು ನೆಚ್ಚಿಕೊಂಡಿರುವುದು ಕಿಸಾನ್ ಕ್ರೆಡಿಟ್ ಕಾರ್ಡ್. 2018-19ರಲ್ಲೇ ಇದು ಪಶುಪಾಲನೆಗೂ ವಿಸ್ತರಣೆಯಾಯಿತು, ಆದರೂ ಪಹಣಿ ಸಾಲ ಅಂತಲೇ ಎಲ್ಲರೂ ತಿಳಿದಿದ್ದಾರೆ. ಬಡ್ಡಿ ಶೇ. 7. ವರ್ಷದೊಳಗೆ ಸರಿಯಾಗಿ ಕಟ್ಟಿದರೆ ಶೇ. 3 ಬಿಟ್ಟು ಶೇ. 4 ಬೀಳುತ್ತದೆ. ಪಶುಪಾಲನೆಗೆ ಈ ರಿಯಾಯಿತಿ 2 ಲಕ್ಷದವರೆಗೆ. ಒಂದು ಲಕ್ಷಕ್ಕೆ ವರ್ಷಕ್ಕೆ ಮೂರು ಸಾವಿರ ಉಳಿತಾಯ, ಗಡುವು ತಪ್ಪಿದರೆ ಅದು ಹೋಯಿತು. ಇದು ಮೇವು, ಹಿಂಡಿ, ಔಷಧಿ, ಕೂಲಿಗೆ ಕೊಡುವ ಸಾಲ, ಕುರಿ ಕೊಳ್ಳಲು ಅಲ್ಲ. ನಾನು ಫೆಬ್ರವರಿಯಲ್ಲಿ ತೆಗೆದು ಹುರುಳಿ ಹೊಟ್ಟು, ಒಣಮೇವು ಅಗ್ಗವಿರುವಾಗ ತುಂಬಿಸುತ್ತೇನೆ, ಮರಿ ಮಾರಿದ ದುಡ್ಡಿನಲ್ಲಿ ತೀರಿಸುತ್ತೇನೆ.

ಈ ಎಲ್ಲದರಿಂದ ಹೊರಗುಳಿದವರು ಬೇಸಿಗೆಯಲ್ಲಿ ಬಯಲುಸೀಮೆಯಿಂದ ಮಂದೆ ಹೊಡೆದುಕೊಂಡು ನಮ್ಮ ಹೊಲಗಳಲ್ಲಿ ತಂಗುವ ಸಂಚಾರಿ ಕುರಿಗಾರರು. ದಾರಿಯಲ್ಲಿ ಕುರಿ ಸತ್ತರೆ ಯಾವ ಆಸ್ಪತ್ರೆಗೆ ಹೇಳಬೇಕು ಅಂತ ಅವರಿಗೆ ಹೇಳಿದವರಿಲ್ಲ. ನಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿದಾಗ ನಾನು ಸಖರಾಯಪಟ್ಟಣದ ಆಸ್ಪತ್ರೆಯ ನಂಬರನ್ನು ಅವರ ಫೋನಿಗೆ ಹಾಕಿಕೊಡುತ್ತೇನೆ, ಊರಿಗೆ ಹೋದಾಗ ಅಲ್ಲಿನ ಕುರಿ ಸಂಘಕ್ಕೆ ಸೇರಲು ಒತ್ತಾಯ ಮಾಡುತ್ತೇನೆ. ಹೊಲಕ್ಕೆ ಅವರ ಮಂದೆಯ ಗೊಬ್ಬರ ಹಾಕಿಸಿಕೊಳ್ಳುವ ಎಲ್ಲ ರೈತರೂ ಇಷ್ಟು ಮಾಡಬಹುದು.