ಓಪನ್ ಸೋರ್ಸ್ ಯೋಜನೆಗೆ ಮೊದಲ ಕೊಡುಗೆ ನೀಡುವ ಬಗೆ

ಓಪನ್ ಸೋರ್ಸ್ ತಂತ್ರಾಂಶದ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದರೆ ಮೂಲ ಯೋಜನೆಯೊಳಗೆ ಯಾವ ತಿದ್ದುಪಡಿ ಸೇರಬೇಕೆಂಬುದನ್ನು ತೀರ್ಮಾನಿಸುವವರು ಮೇಂಟೇನರುಗಳೆಂದು ಕರೆಯಲಾಗುವ ಕೆಲವೇ ಮಂದಿ. ಅವರಲ್ಲಿ ಅನೇಕರು ತಮ್ಮ ಉದ್ಯೋಗದ ಕೆಲಸ ಮುಗಿಸಿ, ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಈ ಹೊಣೆ ಹೊತ್ತವರು. ತಾವು ಕಳಿಸುವ ಬದಲಾವಣೆಯನ್ನು ಓದಿ, ಪರೀಕ್ಷಿಸಿ, ಒಪ್ಪಿಕೊಳ್ಳಲು ಅವರಿಗೆ ಎಷ್ಟು ಹೊತ್ತು ಬೇಕಾದೀತು ಎಂಬ ಲೆಕ್ಕವನ್ನು ಹೊಸಬರು ಮೊದಲೇ ಹಾಕಿಕೊಂಡರೆ, ಮುಂದೆ ಹೇಳುವ ಹೆಜ್ಜೆಗಳಲ್ಲಿ ಹೆಚ್ಚಿನವುಗಳ ಕಾರಣ ತಾನಾಗಿಯೇ ತಿಳಿಯುತ್ತದೆ.

ಯೋಜನೆಯನ್ನು ಆರಿಸುವಾಗ ಪ್ರಸಿದ್ಧಿಯನ್ನು ನೋಡುವುದಕ್ಕಿಂತ ನೀವೇ ದಿನವೂ ಬಳಸುವ ತಂತ್ರಾಂಶವನ್ನು ಆರಿಸುವುದು ಒಳ್ಳೆಯದು, ಏಕೆಂದರೆ ಅದು ಎಲ್ಲಿ ಎಡವುತ್ತದೆ ಎಂಬುದು ನಿಮಗೆ ಆಗಲೇ ಗೊತ್ತಿರುತ್ತದೆ. ಅನಂತರ ಎರಡು ವಿಷಯಗಳನ್ನು ಪರಿಶೀಲಿಸಿ. ಮೊದಲನೆಯದು ಪರವಾನಗಿ: ಎಂಐಟಿ, ಅಪಾಚೆ 2.0, ಜಿಪಿಎಲ್ ಮುಂತಾದ ಯಾವುದಾದರೂ ಪರವಾನಗಿಯ ಕಡತ ಇರಲೇಬೇಕು. ಇಲ್ಲದಿದ್ದರೆ ಕೋಡ್ ಕಣ್ಣಿಗೆ ಕಾಣುತ್ತಿದ್ದರೂ ಅದನ್ನು ಬಳಸುವ, ಹಂಚುವ ಹಕ್ಕು ನಿಮಗೆ ಸಿಕ್ಕಿಲ್ಲ ಎಂದೇ ಅರ್ಥ. ಎರಡನೆಯದು, ಯೋಜನೆ ಜೀವಂತವಾಗಿದೆಯೇ ಎಂಬುದು. ಇತ್ತೀಚಿನ ಕಮಿಟ್ (ಕೋಡಿನಲ್ಲಿ ದಾಖಲಾದ ಬದಲಾವಣೆ) ಯಾವಾಗ ಆಗಿದೆ, ಹೊರಗಿನವರು ಕಳಿಸಿದ ಪುಲ್ ರಿಕ್ವೆಸ್ಟುಗಳಿಗೆ (ತಮ್ಮ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಗಳಿಗೆ) ಯಾರಾದರೂ ಉತ್ತರಿಸಿದ್ದಾರೆಯೇ ಎಂದು ಹತ್ತು ನಿಮಿಷ ಕಣ್ಣಾಡಿಸಿದರೆ, ಮುಂದೆ ತಿಂಗಳುಗಟ್ಟಲೆ ಕಾಯುವ ಕಷ್ಟ ತಪ್ಪಬಹುದು. ರೀಡ್‌ಮಿ ಮತ್ತು ಕಾಂಟ್ರಿಬ್ಯೂಟಿಂಗ್ ಎಂಬ ಕಡತಗಳನ್ನಂತೂ ಪೂರ್ತಿ ಓದಬೇಕು. ಹೊಸಬರು ಕೇಳುವ ಅರ್ಧಕ್ಕರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲಿಯೇ ಇರುತ್ತದೆ.

ದೋಷ ಅಥವಾ ಕೆಲಸವೊಂದನ್ನು ವರದಿ ಮಾಡಿ ಚರ್ಚಿಸುವ ದಾಖಲೆಗೆ ಇಶ್ಯೂ ಎನ್ನುತ್ತಾರೆ. ಅನೇಕ ಯೋಜನೆಗಳು ಸುಲಭದ ಕೆಲಸಗಳಿಗೆ ‘ಗುಡ್ ಫಸ್ಟ್ ಇಶ್ಯೂ’ ಎಂಬ ಗುರುತು ಹಚ್ಚುತ್ತವೆ. ಅಂಥವನ್ನು ಎತ್ತಿಕೊಳ್ಳುವುದರಲ್ಲಿ ತಪ್ಪೇನಿಲ್ಲ, ಆದರೆ ಜನಪ್ರಿಯ ಯೋಜನೆಗಳಲ್ಲಿ ಅವುಗಳಿಗೆ ನೂಕುನುಗ್ಗಲು ಇರುವುದರಿಂದ, ನಿಮಗೇ ಎದುರಾದ ಒಂದು ಸಣ್ಣ ದೋಷವೇ ಲೇಸು ಎಂಬುದು ನನ್ನ ಅಭಿಪ್ರಾಯ. ಉದಾಹರಣೆಗೆ, ಕಡತಗಳನ್ನು ಬ್ಯಾಕಪ್ ಮಾಡುವ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ (ಶೆಲ್ ಎಂದರೆ ಟೈಪ್ ಮಾಡಿದ ಆದೇಶಗಳನ್ನು ನಡೆಸುವ ತಂತ್ರಾಂಶ, ಸ್ಕ್ರಿಪ್ಟ್ ಎಂದರೆ ಅಂಥ ಆದೇಶಗಳ ಪಟ್ಟಿ) ‘ಚಿತ್ರಗಳು’ ಎಂಬ ಫೋಲ್ಡರನ್ನು ಸರಿಯಾಗಿ ನಕಲು ಮಾಡುತ್ತದೆ, ಆದರೆ ‘ಹಳೆಯ ಚಿತ್ರಗಳು’ ಎಂಬ ಫೋಲ್ಡರ್ ಬಂದಾಗ ನಿಂತುಬಿಡುತ್ತದೆ ಎಂದಿಟ್ಟುಕೊಳ್ಳೋಣ. ಕೋಡಿಗೆ ಕೈ ಹಾಕುವ ಮುನ್ನ ಇದನ್ನು ಯಾರಾದರೂ ಈಗಾಗಲೇ ವರದಿ ಮಾಡಿದ್ದಾರೆಯೇ ಎಂದು ಹುಡುಕಬೇಕು. ಮುಚ್ಚಿದ ಇಶ್ಯೂಗಳಲ್ಲಿಯೂ ಹುಡುಕಬೇಕು. ಸಿಗದಿದ್ದರೆ ಹೊಸ ಇಶ್ಯೂ ತೆರೆಯಿರಿ. ‘ಬ್ಯಾಕಪ್ ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆದರೆ ಮೇಂಟೇನರ್ ಮರುಪ್ರಶ್ನೆಗಳನ್ನು ಕೇಳುತ್ತ ಕೂರಬೇಕಾಗುತ್ತದೆ. ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಮ್, ಕೊಟ್ಟ ಆದೇಶ ಯಾವುದು, ಏನಾಗಬೇಕಿತ್ತು, ಏನಾಯಿತು, ತೆರೆಯ ಮೇಲೆ ಬಂದ ದೋಷಸಂದೇಶದ ಪದಶಃ ಪ್ರತಿ ಎಂಬಿಷ್ಟನ್ನು ಬರೆದು, ಹೆಸರಿನಲ್ಲಿ ಖಾಲಿ ಜಾಗ ಇಲ್ಲದಿದ್ದರೆ ತೊಂದರೆಯಿಲ್ಲ ಎಂಬ ಒಂದು ಮಾತನ್ನು ಸೇರಿಸಿದರೆ, ಓದಿದವರಿಗೆ ಕಾರಣ ಅಲ್ಲಿಯೇ ಹೊಳೆಯುತ್ತದೆ: ಫೋಲ್ಡರಿನ ಹೆಸರನ್ನು ಉದ್ಧರಣ ಚಿಹ್ನೆಗಳೊಳಗೆ ಇಡದೆ ಕೊಟ್ಟದ್ದರಿಂದ ಶೆಲ್ ಅದನ್ನು ಎರಡು ಬೇರೆ ಬೇರೆ ಹೆಸರುಗಳೆಂದು ತಿಳಿದಿದೆ. ಕಂಡದ್ದು ಭದ್ರತೆಗೆ ಸಂಬಂಧಿಸಿದ ದೋಷವಾದರೆ ಮಾತ್ರ ಸಾರ್ವಜನಿಕ ಇಶ್ಯೂ ತೆರೆಯಕೂಡದು. ಸೆಕ್ಯೂರಿಟಿ ಎಂಬ ಕಡತದಲ್ಲಿ ಸೂಚಿಸಿದ ಖಾಸಗಿ ಮಾರ್ಗದಿಂದಲೇ ತಿಳಿಸಬೇಕು.

ಇನ್ನು ತಿದ್ದುಪಡಿಯ ವಿಚಾರ. ಇಂದು ಹೆಚ್ಚಿನ ಯೋಜನೆಗಳು ಬಳಸುವ , ಕೋಡಿನ ಬದಲಾವಣೆಗಳ ಇತಿಹಾಸವನ್ನು ಇಡುವ ಗಿಟ್ ಎಂಬ ಸಾಧನವನ್ನು ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕೆಲಸಕ್ಕೆಂದು ಬರೆದರು. ಕರ್ನಲ್ ಯೋಜನೆ ಇಂದಿಗೂ ಪ್ಯಾಚುಗಳನ್ನು, ಅಂದರೆ ತಿದ್ದುಪಡಿಗಳನ್ನು, ಇಮೇಲ್ ಮೂಲಕವೇ ಸ್ವೀಕರಿಸುತ್ತದೆ. ಕೋಡನ್ನು ಇಡುವ ಜಾಲತಾಣಗಳ ಪೈಕಿ ಗಿಟ್‌ಹಬ್‌ನಲ್ಲಿರುವ ಯೋಜನೆಗಳು ಪುಲ್ ರಿಕ್ವೆಸ್ಟನ್ನು, ಗಿಟ್‌ಲ್ಯಾಬ್‌ನಲ್ಲಿರುವವು ಅದೇ ಕೋರಿಕೆಯ ಇನ್ನೊಂದು ಹೆಸರಾದ ಮರ್ಜ್ ರಿಕ್ವೆಸ್ಟನ್ನು ಬಯಸುತ್ತವೆ. ಯೋಜನೆಯನ್ನು ನಿಮ್ಮ ಖಾತೆಗೆ ಫೋರ್ಕ್ ಮಾಡಿ (ನಿಮ್ಮದೇ ಒಂದು ಪ್ರತಿ ಮಾಡಿಕೊಂಡು), ಅದನ್ನು ನಿಮ್ಮ ಯಂತ್ರಕ್ಕೆ ಕ್ಲೋನ್ ಮಾಡಿಕೊಂಡು (ಇಳಿಸಿಕೊಂಡು), ಈ ಒಂದು ಕೆಲಸಕ್ಕೆಂದೇ ಹೊಸ ಬ್ರಾಂಚ್ (ಕೋಡಿನ ಪ್ರತ್ಯೇಕ ಕವಲು) ತೆರೆಯಿರಿ. ಏನನ್ನೂ ಬದಲಿಸುವ ಮೊದಲು ಇರುವ ಟೆಸ್ಟುಗಳನ್ನೆಲ್ಲ (ಕೋಡ್ ಸರಿಯಾಗಿ ನಡೆಯುತ್ತಿದೆಯೇ ಎಂದು ಪರಿಶೀಲಿಸುವ ಪುಟ್ಟ ಕೋಡುಗಳನ್ನು) ಒಮ್ಮೆ ಓಡಿಸಿ ನೋಡಿ. ಮೊದಲೇ ವಿಫಲವಾಗುತ್ತಿದ್ದ ಟೆಸ್ಟನ್ನು ತಮ್ಮ ತಪ್ಪೆಂದು ಭಾವಿಸಿ ಇಡೀ ದಿನ ತಲೆ ಕೆಡಿಸಿಕೊಂಡವರು ಕಡಿಮೆಯಿಲ್ಲ. ಬಳಿಕ ಖಾಲಿ ಜಾಗವಿರುವ ಹೆಸರಿಗೆ ಒಂದು ಹೊಸ ಟೆಸ್ಟ್ ಬರೆದು, ಅದು ವಿಫಲವಾಗುವುದನ್ನು ಕಣ್ಣಾರೆ ಕಂಡು, ಆಮೇಲೆ ಉದ್ಧರಣ ಚಿಹ್ನೆಗಳನ್ನು ಸೇರಿಸಿ, ಟೆಸ್ಟ್ ಪಾಸಾಗುವುದನ್ನು ಖಚಿತಪಡಿಸಿಕೊಳ್ಳಿ.

ಕಮಿಟ್ ಮಾಡುವ ಮುನ್ನ ಡಿಫ್ ಅನ್ನು, ಅಂದರೆ ಹಳೆಯ ಮತ್ತು ಹೊಸ ಕೋಡಿನ ವ್ಯತ್ಯಾಸದ ಪಟ್ಟಿಯನ್ನು, ಸಾಲು ಸಾಲಾಗಿ ಓದಬೇಕು. ನನ್ನ ಮೊದಲ ಪುಲ್ ರಿಕ್ವೆಸ್ಟಿನಲ್ಲಿ ನಾನು ತಿದ್ದಿದ್ದು ಮೂರೇ ಸಾಲು. ಆದರೆ ನನ್ನ ಎಡಿಟರ್ ಕಡತವನ್ನು ಉಳಿಸುವಾಗ ಟ್ಯಾಬುಗಳನ್ನೆಲ್ಲ ಸ್ಪೇಸುಗಳಾಗಿ ಬದಲಿಸಿದ್ದರಿಂದ, ಡಿಫ್‌ನಲ್ಲಿ ಇಡೀ ಕಡತವೇ ಕೆಂಪು ಹಸಿರಾಗಿ ಕಾಣುತ್ತಿತ್ತು. ‘ಇದರಲ್ಲಿ ನಿಮ್ಮ ಬದಲಾವಣೆ ಯಾವುದು?’ ಎಂಬ ಒಂದು ಸಾಲಿನ ಉತ್ತರ ಬಂದಾಗ ನಾಚಿಕೆಯಾಯಿತು, ಆದರೆ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಕಮಿಟ್ ಸಂದೇಶದ ಮೊದಲ ಸಾಲು ಸುಮಾರು 50 ಅಕ್ಷರಗಳೊಳಗೆ ಇರಬೇಕು, ಅನಂತರ ಒಂದು ಖಾಲಿ ಸಾಲು, ಅದರ ಕೆಳಗೆ 72 ಅಕ್ಷರಗಳಿಗೆ ಮುರಿದ ವಿವರಣೆ ಎಂಬುದು ರೂಢಿ. ‘ಬಗ್ ಸರಿಪಡಿಸಿದೆ’ ಎಂಬ ಸಂದೇಶದಿಂದ ಯಾರಿಗೂ ಉಪಯೋಗವಿಲ್ಲ. ‘ಬ್ಯಾಕಪ್: ಖಾಲಿ ಜಾಗವಿರುವ ಫೋಲ್ಡರ್ ಹೆಸರನ್ನು ಒಂದೇ ಹೆಸರಾಗಿ ಓದು’ ಎಂದು ಬರೆದು, ಕೆಳಗೆ ಶೆಲ್ ಹೆಸರನ್ನು ಏಕೆ ಒಡೆಯುತ್ತಿತ್ತು ಎಂಬುದನ್ನು ಎರಡು ವಾಕ್ಯಗಳಲ್ಲಿ ವಿವರಿಸಿ, ಇಶ್ಯೂವಿನ ಸಂಖ್ಯೆಯನ್ನು ಕೊಟ್ಟರೆ, ಐದು ವರ್ಷಗಳ ನಂತರ ಆ ಸಾಲನ್ನು ಅಳಿಸಲು ಹೊರಟವರಿಗೂ ಅದು ಏಕಿದೆ ಎಂಬುದು ತಿಳಿಯುತ್ತದೆ. ಕೆಲವು ಯೋಜನೆಗಳು ಸಂದೇಶದ ಕೊನೆಯಲ್ಲಿ ‘ಸೈನ್ಡ್ ಆಫ್ ಬೈ’ ಎಂಬ ಸಾಲನ್ನು ಕೇಳುತ್ತವೆ. ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ ಅದು. ಸಾಫ್ಟ್‌ವೇರ್ ಉದ್ಯೋಗದಲ್ಲಿರುವವರು ತಮ್ಮ ಉದ್ಯೋಗ ಒಪ್ಪಂದವನ್ನು ಒಮ್ಮೆ ಓದಿಯೇ ಆ ಸಾಲನ್ನು ಬರೆಯುವುದು ಕ್ಷೇಮ. ಎಐ ಸಾಧನಗಳು ಬರೆದ ಕೋಡಿನ ಬಗ್ಗೆಯೂ ನಿಯಮಗಳಿರಬಹುದು: ಜೆಂಟೂ ಲಿನಕ್ಸ್ ಯೋಜನೆ 2024ರಲ್ಲಿ ಅಂಥ ಕೊಡುಗೆಗಳನ್ನು ನಿಷೇಧಿಸಿತು. ನಿಷೇಧವಿಲ್ಲದ ಕಡೆಯೂ, ನಿಮಗೇ ಅರ್ಥವಾಗದ ಕೋಡನ್ನು ಕಳಿಸಿದರೆ ಅದನ್ನು ಅರ್ಥಮಾಡಿಕೊಳ್ಳುವ ಶ್ರಮವೆಲ್ಲ ಮೇಂಟೇನರ್ ತಲೆಗೆ ಬೀಳುತ್ತದೆ.

ಪುಲ್ ರಿಕ್ವೆಸ್ಟ್ ಕಳಿಸಿದೊಡನೆ ಸಾಮಾನ್ಯವಾಗಿ ಸ್ವಯಂಚಾಲಿತ ಪರೀಕ್ಷೆಗಳು ನಡೆಯುತ್ತವೆ; ಅಲ್ಲಿ ಕೆಂಪು ಗುರುತು ಕಂಡರೆ ಯಾರೂ ಹೇಳುವವರೆಗೆ ಕಾಯದೆ ಲಾಗ್ (ಪರೀಕ್ಷೆಯ ದಾಖಲೆ) ಓದಿ ಸರಿಪಡಿಸಿ. ಪರಿಶೀಲಕರು ಸೂಚಿಸಿದ ತಿದ್ದುಪಡಿಗಳನ್ನು ಅದೇ ಬ್ರಾಂಚಿಗೆ ಪುಶ್ ಮಾಡಿದರೆ (ಕಳಿಸಿದರೆ) ಸಾಕು, ಹೊಸ ಪುಲ್ ರಿಕ್ವೆಸ್ಟ್ ತೆರೆದರೆ ಹಳೆಯ ಚರ್ಚೆ ಕೈತಪ್ಪುತ್ತದೆ. ಸೂಚನೆ ಸರಿಯಲ್ಲವೆನಿಸಿದರೆ ಕಾರಣ ಕೊಟ್ಟು ಹೇಳಬಹುದು. ಎರಡು ವಾರ ಉತ್ತರವೇ ಬರದಿದ್ದರೆ ಒಂದು ಸೌಮ್ಯವಾದ ನೆನಪೋಲೆ ಸಾಕು.

ಕೋಡ್ ಬರೆಯದವರಿಗೂ ಕೆಲಸಕ್ಕೆ ಕೊರತೆಯಿಲ್ಲ. ಕೈಪಿಡಿಯ ತಪ್ಪುಗಳನ್ನು ತಿದ್ದಬಹುದು, ವೆಬ್‌ಲೇಟ್‌ನಂಥ ಸಾಧನಗಳಲ್ಲಿ ಅನುವಾದ ಮಾಡಬಹುದು. ಇವೆರಡಕ್ಕಿಂತಲೂ ಅಪರೂಪದ್ದು, ಹಳೆಯ ಇಶ್ಯೂಗಳನ್ನು ಹೊಸ ಆವೃತ್ತಿಯಲ್ಲಿ ಪರೀಕ್ಷಿಸಿ ‘ಈ ದೋಷ ಈಗಲೂ ಇದೆ’ ಅಥವಾ ‘ಈಗ ಕಾಣುತ್ತಿಲ್ಲ’ ಎಂದು ಬರೆಯುವ ಕೆಲಸ; ಹಾಗೆ ಮಾಡಿದವರನ್ನು ಮೇಂಟೇನರುಗಳು ಮರೆಯುವುದಿಲ್ಲ.

ನಿಮ್ಮ ಬದಲಾವಣೆ ವಿಲೀನವಾದ ಮೇಲೆ ಬ್ರಾಂಚನ್ನು ಅಳಿಸಬಹುದು, ಆದರೆ ಆ ಯೋಜನೆಯಿಂದ ಬರುವ ಸೂಚನಾ ಸಂದೇಶಗಳನ್ನು ಕೂಡಲೇ ನಿಲ್ಲಿಸಬೇಡಿ. ಮುಂದಿನ ಬಿಡುಗಡೆಯ ನಂತರ, ಹೆಸರಿನಲ್ಲಿ ಉದ್ಧರಣ ಚಿಹ್ನೆಯೇ ಇರುವ ಫೋಲ್ಡರ್ ಇಟ್ಟುಕೊಂಡ ಯಾರೋ ಒಬ್ಬರು ಹೊಸ ಇಶ್ಯೂ ತೆರೆದು, ಅದರಲ್ಲಿ ನಿಮ್ಮನ್ನು ಹೆಸರಿಸಿ ಪ್ರಶ್ನೆ ಕೇಳುವ ಸಾಧ್ಯತೆ ಇದ್ದೇ ಇದೆ.